ಸಿಎನ್‌ಸಿ ಲೇತ್‌ಗೆ ಮೊದಲ ಪ್ರೋಗ್ರಾಂ: ಡ್ರಾಯಿಂಗ್ ಕೈಗೆ ಬಂದಾಗಿನಿಂದ ಮೊದಲ ಪೀಸ್ ಅಳತೆಗೆ ಬರುವವರೆಗೆ

ಐಟಿಐ ಮುಗಿಸಿ ಶಾಪ್‌ಗೆ ಬರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: "ಅಣ್ಣಾ, ಈ ಜಿ ಕೋಡ್, ಎಂ ಕೋಡ್ ಎಲ್ಲ ಬಾಯಿಪಾಠ ಮಾಡಬೇಕಾ?"

ಬೇಡ. ಕೋಡ್ ಎಂದರೆ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಮಶೀನ್‌ಗೆ, ಕೊಡುವ ಆಜ್ಞೆ. ಅವುಗಳ ಪಟ್ಟಿ ಮಶೀನ್ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ, ಬೇಕಾದಾಗ ನೋಡಿಕೊಳ್ಳಬಹುದು. ದಿನಾ ಬಳಸುವ ಇಪ್ಪತ್ತು ಮೂವತ್ತು ಕೋಡ್ ಒಂದು ತಿಂಗಳಲ್ಲಿ ತಾನಾಗಿಯೇ ತಲೆಯಲ್ಲಿ ಕೂರುತ್ತವೆ. ಕಷ್ಟಪಟ್ಟು ರೂಢಿ ಮಾಡಿಕೊಳ್ಳಬೇಕಾದದ್ದು ಒಂದು ಪ್ರಶ್ನೆಯನ್ನು. ಪ್ರತಿ ಸಾಲು ಬರೆಯುವಾಗಲೂ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಟೂಲ್ ಈಗ ಎಲ್ಲಿದೆ? ಈ ಸಾಲು ಮುಗಿದಾಗ ಎಲ್ಲಿರುತ್ತದೆ? ಆ ದಾರಿಯಲ್ಲಿ ಅಡ್ಡ ಏನಿದೆ?

ಇದನ್ನು ತುಮಕೂರಿನ ಹುಡುಗ ಹುಡುಗಿಯರನ್ನು ನೆನೆದು ಬರೆಯುತ್ತಿದ್ದೇನೆ. ಗುಬ್ಬಿ, ಶಿರಾ, ಕೊರಟಗೆರೆ ಕಡೆಯಿಂದ ಬಸ್ ಹತ್ತಿ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಶೆಡ್‌ಗಳಿಗೆ ಕೆಲಸಕ್ಕೆ ಬರುವವರು ಎಷ್ಟೊಂದು ಜನ. ವಸಂತನರಸಾಪುರದಲ್ಲಿ ಮಶೀನ್ ಟೂಲ್ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಸೈಕಲ್ ಸ್ಟಾರ್ಟ್ ಬಟನ್ ಒತ್ತಿ ಮಶೀನ್ ಓಡಿಸುವವರಿಗೂ ಪ್ರೋಗ್ರಾಂ ಬರೆಯುವವರಿಗೂ ಸಂಬಳದಲ್ಲಿ ತುಂಬಾ ವ್ಯತ್ಯಾಸ ಇದೆ. ಆ ದಾರಿ ದಾಟುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಶೀನ್‌ನ ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಇಲ್ಲಿ ಅವನ್ನೇ ಕನ್ನಡದಲ್ಲಿ ಬರೆದಿದ್ದೇನೆ. ಜಿ, ಎಂ, ಎಕ್ಸ್, ಝಡ್ ಎಂದು ಬಾಯಲ್ಲಿ ಓದಿಕೊಂಡು ಅದೇ ಅಕ್ಷರ ಒತ್ತಿದರೆ ಆಯಿತು. ಉದಾಹರಣೆಗೆ ಫ್ಯಾನುಕ್ ಕಂಪನಿಯ ಕಂಟ್ರೋಲ್ (ಮಶೀನ್ ನಡೆಸುವ ಕಂಪ್ಯೂಟರ್) ತೆಗೆದುಕೊಂಡಿದ್ದೇನೆ, ನಮ್ಮ ಕಡೆ ಅದೇ ಜಾಸ್ತಿ. ಸೀಮೆನ್ಸ್ ಕಂಟ್ರೋಲ್‌ನಲ್ಲಿ ಸೈಕಲ್ (ಒಂದೇ ಆಜ್ಞೆಗೆ ಹಲವು ಪಾಸ್ ಮಾಡಿಸುವ ಕೋಡ್) ಬರೆಯುವ ರೀತಿ ಬೇರೆ.

ಮಶೀನ್ ಓದುವುದು ಹೇಗೆ

ಈ ಅಕ್ಷರ ಮತ್ತು ಸಂಖ್ಯೆಯ ಭಾಷೆ ಇಷ್ಟು ಗಿಡ್ಡಕ್ಕಿರುವುದು ಯಾಕೆ ಎಂದು ಹೊಸಬರಿಗೆ ಅನಿಸುತ್ತದೆ. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಮಶೀನ್ ಓಡಿಸಿ ತೋರಿಸಿದಾಗ, ಅದಕ್ಕೆ ಆಜ್ಞೆ ಕೊಟ್ಟದ್ದು ತೂತು ಹೊಡೆದ ಪಟ್ಟಿಯ ಮೂಲಕ. ಆಮೇಲೂ ಎಷ್ಟೋ ವರ್ಷ ಮಶೀನ್‌ಗಳು ಪಟ್ಟಿಯನ್ನೇ ಓದಿದವು. ಒಂದೊಂದು ಅಕ್ಷರಕ್ಕೂ ಪಟ್ಟಿಯ ಮೇಲೆ ಒಂದು ಸಾಲು ತೂತು ಬೇಕು. ಹಾಗಾಗಿ ಮಾತು ಚಿಕ್ಕದಾದಷ್ಟೂ ಒಳ್ಳೆಯದು. ಪಟ್ಟಿ ಹೋಯಿತು, ಕಂಪ್ಯೂಟರ್ ಬಂತು, ಭಾಷೆ ಮಾತ್ರ ಉಳಿಯಿತು.

ಒಂದು ಸಾಲಿಗೆ ಬ್ಲಾಕ್ ಎನ್ನುತ್ತಾರೆ. ಮಶೀನ್ ಒಂದು ಬ್ಲಾಕ್ ಓದುತ್ತದೆ, ಮಾಡುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಜಿ ಎಂದರೆ ಯಾವ ರೀತಿ ಚಲಿಸಬೇಕು. ಎಕ್ಸ್ ವ್ಯಾಸದ ದಿಕ್ಕು, ಝಡ್ ಉದ್ದದ ದಿಕ್ಕು. ಎಫ್ ಫೀಡ್ (ಟೂಲ್ ಎಷ್ಟು ಬೇಗ ಮುಂದೆ ಸಾಗಬೇಕು), ಎಸ್ ಸ್ಪೀಡ್, ಟಿ ಟೂಲ್. ಎಂ ಎಂದರೆ ಸ್ಪಿಂಡಲ್ (ಜಾಬ್ ತಿರುಗಿಸುವ ಭಾಗ), ಕೂಲಂಟ್‌ನಂಥ ಸ್ವಿಚ್‌ಗಳು.

ಯು ಮತ್ತು ಡಬ್ಲ್ಯೂ ಬಗ್ಗೆ ಗೊಂದಲ ಜಾಸ್ತಿ. ಹೀಗೆ ಯೋಚಿಸಿ. ಊರಲ್ಲಿ ಎಲ್ಲಿದ್ದರೂ ದಾರಿಯನ್ನು ಟೌನ್‌ಹಾಲ್ ಸರ್ಕಲ್‌ನಿಂದಲೇ ಹೇಳಿದರೆ ಅದು ಎಕ್ಸ್, ಝಡ್. ನೀವು ಈಗ ನಿಂತಿರುವ ಕಡೆಯಿಂದ "ಇನ್ನು ಎರಡು ಹೆಜ್ಜೆ ಮುಂದೆ" ಎಂದರೆ ಅದು ಯು, ಡಬ್ಲ್ಯೂ. ಮೊದಮೊದಲು ಟೌನ್‌ಹಾಲ್ ಲೆಕ್ಕದಲ್ಲೇ ಬರೆಯಿರಿ. ಒಂದು ಬಿಂದು ತಪ್ಪಾದರೆ ಆ ಬಿಂದು ಮಾತ್ರ ತಪ್ಪಾಗುತ್ತದೆ. ಹೆಜ್ಜೆ ಲೆಕ್ಕದಲ್ಲಿ ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಹಂತ 1: ಡ್ರಾಯಿಂಗ್ ಓದಿ, ಹಿಡಿಯುವುದು ಹೇಗೆ ಎಂದು ನಿರ್ಧರಿಸಿ

ನಮ್ಮ ಜಾಬ್, ಅಂದರೆ ಮಾಡಬೇಕಾದ ಪೀಸ್, ಒಂದು ಸ್ಟೆಪ್ ಪಿನ್. ಮೆಟೀರಿಯಲ್ ಇಎನ್8 ಸ್ಟೀಲ್, 40 ಮಿ.ಮೀ. ರೌಂಡ್ ಬಾರ್. ಮುಂದಿನ ಸ್ಟೆಪ್ ವ್ಯಾಸ 25, ಉದ್ದ 30. ಅದರ ಹಿಂದೆ ವ್ಯಾಸ 36. ಒಟ್ಟು ಉದ್ದ 60. ಎರಡೂ ವ್ಯಾಸದ ಮುಂದಿನ ಅಂಚಿಗೆ 1 ಮಿ.ಮೀ. 45 ಡಿಗ್ರಿ ಚ್ಯಾಂಫರ್ (ಓರೆ ಕಟ್). ಸ್ಟೆಪ್‌ನ ಮೂಲೆಯಲ್ಲಿ 2 ಮಿ.ಮೀ. ರೇಡಿಯಸ್. 25 ವ್ಯಾಸಕ್ಕೆ ಎಚ್7 (ಸಣ್ಣ ಅಕ್ಷರದ ಎಚ್) ಟಾಲರೆನ್ಸ್, ಅಂದರೆ 25.000ರಿಂದ 24.979ರ ಒಳಗೆ ಬರಬೇಕು.

ಟಾಲರೆನ್ಸ್ ಇರುವ ಅಳತೆಗೆ ಮೊದಲು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಇಡೀ ಕೆಲಸ ಅದಕ್ಕಾಗಿ. ಉಳಿದದ್ದು ವರ್ನಿಯರ್‌ಗೆ ಸಿಕ್ಕರೆ ಸಾಕು.

110 ಮಿ.ಮೀ. ಉದ್ದದ ತುಂಡು ಕತ್ತರಿಸಿ, ಚಕ್‌ನಿಂದ 75 ಮಿ.ಮೀ. ಹೊರಗೆ ಬರುವಂತೆ ಹಿಡಿಯೋಣ. ಟೂಲ್ 64ರವರೆಗೆ ಹೋಗುತ್ತದೆ, ಫೇಸಿಂಗ್‌ಗೆ (ಮುಂದಿನ ಮುಖ ಸಮ ಮಾಡುವುದಕ್ಕೆ) 1 ಮಿ.ಮೀ. ಹೋಗುತ್ತದೆ. ಆಗಲೂ ಚಕ್‌ನ ಜಾಗೂ (ಜಾಬ್ ಹಿಡಿಯುವ ದವಡೆ) ಟೂಲ್‌ಗೂ ನಡುವೆ 10 ಮಿ.ಮೀ. ಉಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಮಶೀನ್‌ಗೆ ಜಾ ಎಲ್ಲಿದೆ ಎಂದು ಗೊತ್ತಿಲ್ಲ.

ಹಂತ 2: ಮೊದಲು ಚುಕ್ಕಿ ಇಡಿ

ಮನೆ ಮುಂದೆ ಚುಕ್ಕಿ ರಂಗೋಲಿ ಹಾಕುವುದನ್ನು ನೋಡಿದ್ದೀರಿ ಅಲ್ವಾ? ಮೊದಲು ಚುಕ್ಕಿ, ಆಮೇಲೆ ಎಳೆ. ಪ್ರೋಗ್ರಾಂ ಕೂಡ ಅದೇ. ಚುಕ್ಕಿ ಸರಿಯಾಗಿ ಬಿದ್ದರೆ ಎಳೆಯುವುದು ಸುಲಭ. ಹುಡುಗರು ಸೀದಾ ಕೀಲಿಮಣೆಗೆ ಕೈ ಹಾಕುತ್ತಾರೆ. ನಾನು ನೋಟ್‌ಬುಕ್ ಕೊಟ್ಟು ಕೂರಿಸುತ್ತೇನೆ.

ಜಾಬ್‌ನ ಮುಂದಿನ ಮುಖದ ನಡುಮಧ್ಯ ನಮ್ಮ ಸೊನ್ನೆ. ಚಕ್ ಕಡೆಗೆ ಹೋದಷ್ಟೂ ಝಡ್ ಮೈನಸ್. ಎಕ್ಸ್‌ನಲ್ಲಿ ವ್ಯಾಸವನ್ನೇ ಬರೆಯಬೇಕು, ತ್ರಿಜ್ಯವನ್ನಲ್ಲ. ನಮ್ಮ ಚುಕ್ಕಿಗಳು:

ಒಂದು: ಎಕ್ಸ್23, ಝಡ್0 – ಚ್ಯಾಂಫರ್ ಶುರು
ಎರಡು: ಎಕ್ಸ್25, ಝಡ್-1 – ಚ್ಯಾಂಫರ್ ಮುಗಿಯಿತು
ಮೂರು: ಎಕ್ಸ್25, ಝಡ್-28 – ರೇಡಿಯಸ್ ಶುರು
ನಾಲ್ಕು: ಎಕ್ಸ್29, ಝಡ್-30 – ರೇಡಿಯಸ್ ಮುಗಿಯಿತು
ಐದು: ಎಕ್ಸ್34, ಝಡ್-30 – ಎರಡನೇ ಚ್ಯಾಂಫರ್ ಶುರು
ಆರು: ಎಕ್ಸ್36, ಝಡ್-31
ಏಳು: ಎಕ್ಸ್36, ಝಡ್-64 – ಆಮೇಲೆ ಪೀಸ್ ಕತ್ತರಿಸಿ ಬೇರೆ ಮಾಡುವ 3 ಮಿ.ಮೀ. ಪಾರ್ಟಿಂಗ್ ಟೂಲ್‌ಗೆ ಜಾಗ ಬೇಕಲ್ಲ, ಅದಕ್ಕೆ ಇಷ್ಟು ದೂರ

ನಾಲ್ಕನೇ ಚುಕ್ಕಿಯ ಹತ್ತಿರ ಸ್ವಲ್ಪ ನಿಲ್ಲಿ. ರೇಡಿಯಸ್ 2 ಇದ್ದರೆ ಝಡ್ 2 ಹೋಗುತ್ತದೆ. ಎಕ್ಸ್ ಮಾತ್ರ 4 ಏರುತ್ತದೆ, ಯಾಕೆಂದರೆ ಅದು ವ್ಯಾಸ. 25ಕ್ಕೆ 2 ಕೂಡಿಸಿ 27 ಎಂದು ಬರೆಯುವುದು ಹೊಸಬರಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು. ಚ್ಯಾಂಫರ್‌ನಲ್ಲೂ ಅಷ್ಟೇ: 1 ಮಿ.ಮೀ.ಗೆ ಎಕ್ಸ್‌ನಲ್ಲಿ 2.

ಹಂತ 3: ಸ್ಪೀಡ್ ಮತ್ತು ಫೀಡ್

ಕಟಿಂಗ್ ಸ್ಪೀಡ್ ಇನ್ಸರ್ಟ್ (ಟೂಲ್ ತುದಿಯಲ್ಲಿ ಕೂರಿಸುವ, ಕತ್ತರಿಸುವ ತುಣುಕು) ಡಬ್ಬಿಯ ಮೇಲೆಯೇ ಇರುತ್ತದೆ. ಇಎನ್8ಗೆ ಕೋಟಿಂಗ್ ಇರುವ ಕಾರ್ಬೈಡ್‌ನಲ್ಲಿ ನಿಮಿಷಕ್ಕೆ 180 ಮೀಟರ್ ಇಟ್ಟುಕೊಳ್ಳೋಣ. ಸೂತ್ರ ಹೀಗಿದೆ: ಕಟಿಂಗ್ ಸ್ಪೀಡ್ ಗುಣಿಸು 1000, ಅದನ್ನು 3.14 ಗುಣಿಸು ವ್ಯಾಸದಿಂದ ಭಾಗಿಸಿ. ವ್ಯಾಸ 40 ಇದ್ದಾಗ ಸುಮಾರು 1430 ಆರ್‌ಪಿಎಂ. 25ಕ್ಕೆ ಇಳಿದಾಗ ಸುಮಾರು 2290. ಈ ಬದಲಾವಣೆಯನ್ನು ಮಶೀನ್ ತಾನೇ ಮಾಡಿಕೊಳ್ಳಲಿ ಎಂದು ಜಿ96 ಕೊಡುತ್ತೇವೆ.

ಅಲ್ಲೇ ಒಂದು ಅಪಾಯವೂ ಇದೆ. ಫೇಸಿಂಗ್ ಮಾಡುವಾಗ ಟೂಲ್ ನಡುಮಧ್ಯಕ್ಕೆ ಹೋಗುತ್ತದೆ. ವ್ಯಾಸ ಸೊನ್ನೆಗೆ ಬಂದಂತೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಜೋರಾಗಿ ತಿರುಗಿದಷ್ಟೂ ಚಕ್‌ನ ಜಾಗಳ ಹಿಡಿತ ಸಡಿಲ ಆಗುತ್ತದೆ. ಅದಕ್ಕೇ ಜಿ96ಗಿಂತ ಮೊದಲು ಜಿ50 ಎಸ್2500 ಎಂದು ಮಿತಿ ಹಾಕಬೇಕು. ಈ ಸಾಲು ಇಲ್ಲದ ಪ್ರೋಗ್ರಾಂ ಯಾರು ಕೊಟ್ಟರೂ ಓಡಿಸಬೇಡಿ.

ಫಿನಿಶಿಂಗ್‌ನಲ್ಲಿ ಮೈ ನುಣುಪಾಗಿ ಬರುವುದು ಫೀಡ್ ಮತ್ತು ಇನ್ಸರ್ಟ್ ಮೂಗಿನ ರೇಡಿಯಸ್ ಮೇಲೆ ನಿಂತಿದೆ. ಫೀಡ್‌ನ ವರ್ಗವನ್ನು ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಗೆರೆಗಳ ಎತ್ತರ ಸಿಗುತ್ತದೆ. 0.12 ಫೀಡ್, 0.4 ರೇಡಿಯಸ್‌ಗೆ ಅದು 4.5 ಮೈಕ್ರಾನ್. ಫೀಡ್ ಅರ್ಧ ಮಾಡಿದರೆ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ.

ಹಂತ 4: ಪ್ರೋಗ್ರಾಂ

ಮೊದಲ ಟೂಲ್ ರಫಿಂಗ್‌ಗೆ (ಹೆಚ್ಚಿನ ಮೆಟೀರಿಯಲ್ ತೆಗೆಯಲು), ಮೂಗು 0.8. ಎರಡನೆಯದು ಫಿನಿಶಿಂಗ್‌ಗೆ (ಕೊನೆಯ ಅಳತೆಗೆ ತರಲು), ಮೂಗು 0.4.

ಓ0101
ಜಿ21 ಜಿ40 ಜಿ99
ಜಿ28 ಯು0
ಜಿ28 ಡಬ್ಲ್ಯೂ0
ಟಿ0101
ಜಿ50 ಎಸ್2500
ಜಿ96 ಎಸ್180 ಎಂ03
ಜಿ00 ಎಕ್ಸ್42. ಝಡ್2. ಎಂ08
ಝಡ್0.
ಜಿ01 ಎಕ್ಸ್-1.6 ಎಫ್0.2
ಜಿ00 ಝಡ್2.
ಎಕ್ಸ್42.
ಜಿ71 ಯು1.5 ಆರ್0.5
ಜಿ71 ಪಿ10 ಕ್ಯೂ20 ಯು0.4 ಡಬ್ಲ್ಯೂ0.1 ಎಫ್0.25
ಎನ್10 ಜಿ00 ಎಕ್ಸ್19.
ಜಿ01 ಎಕ್ಸ್25. ಝಡ್-1. ಎಫ್0.12
ಝಡ್-28.
ಜಿ02 ಎಕ್ಸ್29. ಝಡ್-30. ಆರ್2.
ಜಿ01 ಎಕ್ಸ್34.
ಎಕ್ಸ್36. ಝಡ್-31.
ಝಡ್-64.
ಎನ್20 ಎಕ್ಸ್42.
ಎನ್200 ಜಿ28 ಯು0
ಜಿ28 ಡಬ್ಲ್ಯೂ0
ಟಿ0202
ಜಿ50 ಎಸ್2500
ಜಿ96 ಎಸ್220 ಎಂ03
ಜಿ00 ಎಕ್ಸ್44. ಝಡ್5. ಎಂ08
ಜಿ42 ಎಕ್ಸ್42. ಝಡ್2.
ಜಿ70 ಪಿ10 ಕ್ಯೂ20
ಜಿ40 ಜಿ00 ಎಕ್ಸ್46.
ಎಂ09
ಜಿ28 ಯು0
ಜಿ28 ಡಬ್ಲ್ಯೂ0
ಎಂ05
ಎಂ30

ಈಗ ಬೆರಳಿಟ್ಟು ಓದಿ. ಜಿ21 ಎಂದರೆ ಮಿಲಿಮೀಟರ್, ಜಿ99 ಎಂದರೆ ಒಂದು ಸುತ್ತಿಗೆ ಎಷ್ಟು ಫೀಡ್. ಜಿ28 ಟರೆಟ್ಟನ್ನು (ಟೂಲ್‌ಗಳನ್ನು ಹಿಡಿದಿರುವ ತಿರುಗುವ ತಲೆ) ಹೋಮ್‌ಗೆ ಕಳಿಸುತ್ತದೆ. ಮೊದಲು ಎಕ್ಸ್, ಆಮೇಲೆ ಝಡ್. ಜಾಬ್‌ನಿಂದ ದೂರ ಸರಿದ ಮೇಲೆಯೇ ಪಕ್ಕಕ್ಕೆ ಹೋಗಬೇಕು. ಟಿ0101ರಲ್ಲಿ ಮೊದಲ ಎರಡು ಅಂಕಿ ಟರೆಟ್‌ನ ಟೂಲ್, ಕೊನೆಯ ಎರಡು ಅದರ ಆಫ್‌ಸೆಟ್, ಅಂದರೆ ಟೂಲ್ ತುದಿ ಎಲ್ಲಿದೆ ಎಂಬ ಲೆಕ್ಕದ ಸಾಲು.

ಎಂ03 ಹಾಕಬೇಕೋ ಎಂ04 ಹಾಕಬೇಕೋ ಎಂಬುದನ್ನು ಮಶೀನ್ ನೋಡಿಯೇ ಹೇಳಬೇಕು. ಟರೆಟ್ ಹಿಂದಿನ ಕಡೆ ಇರುವ ಲೇತ್‌ನಲ್ಲಿ ಇನ್ಸರ್ಟ್‌ನ ಮುಖ ಕೆಳಗೆ ನೋಡುತ್ತಿದ್ದರೆ ಎಂ03. ಮೇಲೆ ನೋಡುತ್ತಿದ್ದರೆ ಎಂ04.

ಫೇಸಿಂಗ್‌ನಲ್ಲಿ ಎಕ್ಸ್0ಕ್ಕೆ ನಿಲ್ಲದೆ -1.6ರವರೆಗೆ ಹೋಗಿದ್ದೇವೆ. ಮೂಗು ಗುಂಡಗಿದೆ. ಅದರ ತುದಿ ನಡುಮಧ್ಯ ದಾಟದಿದ್ದರೆ ಅಲ್ಲೊಂದು ಸಣ್ಣ ಮೊಳೆ ಉಳಿಯುತ್ತದೆ.

ಜಿ71 ರಫಿಂಗ್ ಸೈಕಲ್, ಅದರ ಸಾಲುಗಳಲ್ಲಿ ಯು, ಡಬ್ಲ್ಯೂ ಹೆಜ್ಜೆ ಲೆಕ್ಕವಲ್ಲ. ಎನ್10ರಿಂದ ಎನ್20ರವರೆಗೆ ಇರುವ ಆಕಾರವನ್ನು ಓದಿಕೊಂಡು, ಒಂದೊಂದು ಪಾಸ್‌ಗೆ ಒಂದು ಬದಿಯಲ್ಲಿ 1.5 ಮಿ.ಮೀ. ತೆಗೆಯುತ್ತದೆ. ಫಿನಿಶಿಂಗ್‌ಗೆ ಎಂದು ವ್ಯಾಸದಲ್ಲಿ 0.4 ಬಿಡುತ್ತದೆ. ಎನ್10ರ ಸಾಲಿನಲ್ಲಿ ಝಡ್ ಬರೆಯಬೇಡಿ, ಎಷ್ಟೋ ಕಂಟ್ರೋಲ್‌ಗಳು ಅಲಾರಂ ಕೊಡುತ್ತವೆ. ಅಲ್ಲಿ ಎಕ್ಸ್19 ಯಾಕೆ? ಟೂಲ್ ಮುಖದಿಂದ 2 ಮಿ.ಮೀ. ಮುಂದೆ ನಿಂತಿದೆ. ಚ್ಯಾಂಫರ್‌ನ ಗೆರೆಯನ್ನು ಅಷ್ಟು ದೂರ ಎಳೆದರೆ ಎಕ್ಸ್ 23ರಿಂದ 4 ಇಳಿದು 19 ಆಗುತ್ತದೆ. ಹೀಗೆ ಬಂದರೆ ಟೂಲ್ ಅದೇ 45 ಡಿಗ್ರಿಯಲ್ಲಿ ಹರಿದು ಜಾಬ್ ಒಳಗೆ ಹೋಗುತ್ತದೆ. ಅಂಚಿನಲ್ಲಿ ಮಚ್ಚೆ ಬೀಳುವುದಿಲ್ಲ.

ಜಿ42 ಮೂಗಿನ ರೇಡಿಯಸ್‌ಗೆ ಸರಿಹೊಂದಿಸುತ್ತದೆ. ಇದಿಲ್ಲದೆಯೂ ವ್ಯಾಸ ಸರಿಯಾಗಿಯೇ ಬರುತ್ತದೆ. ಆದರೆ ಚ್ಯಾಂಫರ್ ಮತ್ತು ರೇಡಿಯಸ್ ಅಳತೆ ತಪ್ಪುತ್ತದೆ. ಆಫ್‌ಸೆಟ್ ಪುಟದಲ್ಲಿ ಎರಡನೇ ಟೂಲ್‌ಗೆ ಆರ್ 0.4, ಟಿಪ್ ಸಂಖ್ಯೆ 3 ತುಂಬುವುದನ್ನು ಮರೆಯಬೇಡಿ.

ಆ ಒಂದು ಚುಕ್ಕೆ

ಮೇಲಿನ ಪ್ರೋಗ್ರಾಂನಲ್ಲಿ 42 ಆದ ಮೇಲೆ ಒಂದು ಚುಕ್ಕೆ ಇದೆ, ನೋಡಿದಿರಾ? ಅದು ವಾಕ್ಯ ಮುಗಿಸಲು ಇಟ್ಟದ್ದಲ್ಲ. ಎಷ್ಟೋ ಮಶೀನ್‌ಗಳಲ್ಲಿ ಚುಕ್ಕೆ ಇಲ್ಲದ ಸಂಖ್ಯೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಓದುತ್ತದೆ. ಎಕ್ಸ್42. ಎಂದರೆ 42 ಮಿ.ಮೀ. ಎಕ್ಸ್42 ಎಂದಷ್ಟೇ ಬರೆದರೆ 0.042 ಮಿ.ಮೀ.

ನಾನು ಕಲಿಯುತ್ತಿದ್ದಾಗ ಒಂದು ಚಿಕ್ಕ ಶೆಡ್‌ನಲ್ಲಿ ರಾತ್ರಿ ಶಿಫ್ಟ್. ಟರ್ನಿಂಗ್ ಮುಗಿದು ಟೂಲ್ ಹೊರಗೆ ಬರಬೇಕಿದ್ದ ಸಾಲಿನಲ್ಲಿ ಚುಕ್ಕೆ ಬಿಟ್ಟಿದ್ದೆ. ಟೂಲ್ ಹೊರಗೆ ಬರಲಿಲ್ಲ. ಜಿ00ದ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದ ಜಾಬ್ ಒಳಕ್ಕೇ ನುಗ್ಗಿತು. ಇನ್ಸರ್ಟ್ ಪುಡಿಯಾಯಿತು, ಹೋಲ್ಡರ್ ಬಾಗಿತು, ರಾಡ್ ಚಕ್‌ನಿಂದ ಕಿತ್ತು ಬಾಗಿಲಿಗೆ ಬಡಿಯಿತು. ಬಾಗಿಲು ಮುಚ್ಚಿತ್ತು, ಹಾಗಾಗಿ ನನಗೇನೂ ಆಗಲಿಲ್ಲ. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಹುಡುಗರ ಪ್ರೋಗ್ರಾಂ ನೋಡುವಾಗ ನಾನು ಮೊದಲು ನೋಡುವುದು ಎಕ್ಸ್, ಝಡ್ ಸಂಖ್ಯೆಗಳ ಕೊನೆಯನ್ನೇ.

ಒಂದು ಪ್ಯಾರಾಮೀಟರ್ ಬದಲಿಸಿದರೆ ಚುಕ್ಕೆ ಇಲ್ಲದ್ದನ್ನೂ ಮಿಲಿಮೀಟರ್ ಎಂದೇ ಓದುವಂತೆ ಮಾಡಬಹುದು. ಕೆಲವು ಶೆಡ್‌ಗಳಲ್ಲಿ ಮಾಡಿರುತ್ತಾರೆ. ಅದನ್ನು ನಂಬಿ ಕೂರಬೇಡಿ. ನಾಳೆ ಬೇರೆ ಮಶೀನ್ ಮುಂದೆ ನಿಲ್ಲುತ್ತೀರಿ, ಕೈ ಮಾತ್ರ ಹಳೇ ರೂಢಿಯಲ್ಲೇ ಇರುತ್ತದೆ.

ಹಂತ 5: ಟೂಲ್ ಆಫ್‌ಸೆಟ್

ಪ್ರೋಗ್ರಾಂ ಬರೆದದ್ದಾಯಿತು. ಸೊನ್ನೆ ಎಲ್ಲಿದೆ ಎಂದು ಮಶೀನ್‌ಗೆ ಇನ್ನೂ ಗೊತ್ತಿಲ್ಲ. ಮೊದಲ ಟೂಲ್ ತಂದು, ಹ್ಯಾಂಡ್‌ವೀಲ್‌ನಲ್ಲಿ ಜಾಬ್‌ನ ಮುಖವನ್ನು ಹಗುರಾಗಿ ಫೇಸ್ ಮಾಡಿ. ಝಡ್ ಅಲುಗಿಸದೆ ಎಕ್ಸ್‌ನಲ್ಲಿ ಮಾತ್ರ ಹೊರಗೆ ಬನ್ನಿ. ಆಫ್‌ಸೆಟ್‌ನ ಜಾಮೆಟ್ರಿ ಪುಟದಲ್ಲಿ ಒಂದನೇ ಸಾಲಿಗೆ ಹೋಗಿ ಝಡ್0. ಎಂದು ಒತ್ತಿ, ಮೆಷರ್ ಕೀಲಿ ಒತ್ತಿ. ಆಮೇಲೆ ವ್ಯಾಸದ ಮೇಲೆ ಒಂದು ಸಣ್ಣ ಕಟ್ ತೆಗೆಯಿರಿ. ಈ ಸಲ ಎಕ್ಸ್ ಅಲುಗಿಸದೆ ಝಡ್‌ನಲ್ಲಿ ಹೊರಗೆ ಬನ್ನಿ. ಸ್ಪಿಂಡಲ್ ನಿಲ್ಲಿಸಿ ಮೈಕ್ರೋಮೀಟರ್ ಹಾಕಿ. 39.46 ಬಂತು ಎನ್ನಿ. ಎಕ್ಸ್39.46 ಒತ್ತಿ ಮೆಷರ್.

ಎರಡನೇ ಟೂಲ್‌ಗೆ ಮುಖವನ್ನು ಮತ್ತೆ ಫೇಸ್ ಮಾಡಬೇಡಿ, ಸುಮ್ನೆ ಮುಟ್ಟಿಸಿ. ಫೇಸ್ ಮಾಡಿದರೆ ಸೊನ್ನೆಯೇ ಹಿಂದಕ್ಕೆ ಹೋಗುತ್ತದೆ. ಎರಡು ಟೂಲ್‌ಗಳ ಲೆಕ್ಕ ಬೇರೆ ಬೇರೆ ಆಗುತ್ತದೆ. ಸೆಟಿಂಗ್ ಆದ ಮೇಲೆ ರಾಡ್ ಸಡಿಲಿಸಿ 1 ಮಿ.ಮೀ. ಹೊರಗೆ ಎಳೆದು ಹಿಡಿಯಿರಿ, ಪ್ರೋಗ್ರಾಂನ ಫೇಸಿಂಗ್‌ಗೆ ಮೆಟೀರಿಯಲ್ ಬೇಕಲ್ಲ.

ಹಂತ 6: ಮೊದಲ ಓಟ

ಮೊದಲು ಗ್ರಾಫಿಕ್ ಪುಟದಲ್ಲಿ ಗೆರೆ ನೋಡಿ. ಆಕಾರ ತಪ್ಪಿದ್ದರೆ ಅಲ್ಲೇ ಕಾಣುತ್ತದೆ. ಆದರೆ ಗ್ರಾಫಿಕ್‌ಗೆ ಚಕ್ ಕಾಣುವುದಿಲ್ಲ, ಆಫ್‌ಸೆಟ್ ತಪ್ಪೂ ಕಾಣುವುದಿಲ್ಲ. ಮಶೀನ್ ಲಾಕ್ ಹಾಕಿ ಓಡಿಸಿದ್ದರೆ ಲಾಕ್ ತೆಗೆದ ಮೇಲೆ ಮತ್ತೆ ಹೋಮ್‌ಗೆ ಕಳಿಸಿ. ಇಲ್ಲದಿದ್ದರೆ ಪರದೆಯ ಮೇಲಿನ ಸಂಖ್ಯೆ ಒಂದು, ಟೂಲ್ ಇರುವ ಜಾಗ ಇನ್ನೊಂದು.

ಆಮೇಲೆ ಸಿಂಗಲ್ ಬ್ಲಾಕ್ ಆನ್. ರ್‍ಯಾಪಿಡ್ ಓವರ್‌ರೈಡ್ (ಜಿ00 ವೇಗ ತಗ್ಗಿಸುವ ಸ್ವಿಚ್) ಶೇಕಡಾ 25ಕ್ಕೆ. ಎಡಗೈ ಫೀಡ್ ಹೋಲ್ಡ್ ಮೇಲೆ. ಟೂಲ್ ಜಾಬ್ ಹತ್ತಿರ ಬರುತ್ತಿದ್ದಂತೆ ನಿಲ್ಲಿಸಿ, ಪರದೆಯಲ್ಲಿ ಇನ್ನೆಷ್ಟು ದೂರ ಹೋಗಬೇಕು ಎನ್ನುವ ಅಂಕಿಯನ್ನು ನೋಡಿ. ಕಣ್ಣಿಗೆ ಜಾಬ್ 20 ಮಿ.ಮೀ. ದೂರ ಕಾಣುತ್ತಿದ್ದು, ಪರದೆ 60 ಮಿ.ಮೀ. ಎಂದರೆ ಅಲ್ಲಿಗೇ ರೀಸೆಟ್. ಈ ಒಂದು ನೋಟದಿಂದ ತಪ್ಪಿಸಿದ ಹೊಡೆತಗಳು ಎಷ್ಟೋ. ಮೇಲ್ವಿಚಾರಕರು ಹಿಂದೆ ನಿಂತು ಬೇಗ ಬೇಗ ಎಂದರೂ ಈ ಹತ್ತು ನಿಮಿಷ ಬಿಟ್ಟುಕೊಡಬೇಡಿ.

ಹಂತ 7: ಅಳತೆ ಹಿಡಿಯುವುದು

ಮೊದಲ ಪೀಸ್‌ಗೆ ಮೊದಲು ಎರಡನೇ ಟೂಲ್‌ನ ವೇರ್ ಪುಟದಲ್ಲಿ (ಆಫ್‌ಸೆಟ್‌ಗೆ ಸಣ್ಣ ತಿದ್ದುಪಡಿ ಹಾಕುವ ಪುಟ) ಎಕ್ಸ್‌ಗೆ 0.3 ಕೂಡಿಸಿಡಿ. ಪೀಸ್ ಬೇಕೆಂದೇ ದಪ್ಪ ಬರುತ್ತದೆ. ದಪ್ಪ ಬಂದರೆ ಇನ್ನೊಮ್ಮೆ ತೆಗೆಯಬಹುದು, ಸಣ್ಣ ಆದರೆ ಸ್ಕ್ರ್ಯಾಪ್. ಅಳತೆ 25.326 ಬಂತು ಎನ್ನಿ. ನಮಗೆ ಬೇಕಾದದ್ದು ಟಾಲರೆನ್ಸ್‌ನ ನಡು, 24.990. ವ್ಯತ್ಯಾಸ 0.336. ವೇರ್‌ನಲ್ಲಿ -0.336 ಒತ್ತಿ ಪ್ಲಸ್ ಇನ್‌ಪುಟ್ ಕೊಡಿ. 0.3 ಇದ್ದದ್ದು -0.036 ಆಗುತ್ತದೆ. ಬರೀ ಇನ್‌ಪುಟ್ ಒತ್ತಿದರೆ -0.336 ಎಂದೇ ಕೂರುತ್ತದೆ, ಪೀಸ್ 0.3 ಸಣ್ಣ ಆಗಿಬಿಡುತ್ತದೆ. ಆಮೇಲೆ ಎನ್200ರಿಂದ ಫಿನಿಶಿಂಗ್ ಮಾತ್ರ ಮತ್ತೆ ಓಡಿಸಿ.

ಬಿಸಿ ಜಾಬ್ ಅಳೆಯಬೇಡಿ. ಸ್ಟೀಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 25 ವ್ಯಾಸದ ಪಿನ್ 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 9 ಮೈಕ್ರಾನ್ ದಪ್ಪ ಕಾಣುತ್ತದೆ. ನಮಗಿರುವ ಒಟ್ಟು ಜಾಗವೇ 21. ಕೂಲಂಟ್‌ನಲ್ಲಿ ತಣಿಸಿ, ಒರೆಸಿ, ಆಮೇಲೆ ಮೈಕ್ರೋಮೀಟರ್.

ವಿಎಂಸಿಗೆ ಹೋಗುವವರಿಗೆ

ಲೇತ್ ಕೈಗೆ ಬಂದರೆ ವಿಎಂಸಿ, ಅಂದರೆ ಟೂಲ್ ಮೇಲಿನಿಂದ ಇಳಿದು ಕತ್ತರಿಸುವ ಮಶೀನ್, ದೂರವಿಲ್ಲ. ವೈ ಸೇರುತ್ತದೆ, ಜಾಬ್‌ನ ಸೊನ್ನೆ ಜಿ54ರಲ್ಲಿ ಕೂರುತ್ತದೆ, ಪ್ರತಿ ಟೂಲ್‌ನ ಉದ್ದ ಜಿ43 ಎಚ್01 ಎಂದು ಕರೆಯಬೇಕು. ಎಚ್ ಸಂಖ್ಯೆ ಟೂಲ್ ಸಂಖ್ಯೆಗೆ ತಾಳೆ ಆಗದಿದ್ದರೆ ಟೂಲ್ ನೇರ ವೈಸ್‌ಗೆ (ಜಾಬ್ ಹಿಡಿದಿರುವ ಇಕ್ಕಳ) ಇಳಿಯಬಹುದು.

ಚುಕ್ಕಿ ಇಡುವ ಕೆಲಸ ಇಲ್ಲೂ ಅದೇ. 80 ಪಿಸಿಡಿಯಲ್ಲಿ, ಅಂದರೆ 80 ವ್ಯಾಸದ ವೃತ್ತದ ಮೇಲೆ, ಸಮ ದೂರದಲ್ಲಿ ಆರು ಹೋಲ್ ಬೇಕಾದರೆ ತ್ರಿಜ್ಯ 40. ಮೊದಲ ಹೋಲ್ ಎಕ್ಸ್40. ವೈ0. ಎರಡನೆಯದು 60 ಡಿಗ್ರಿಯಲ್ಲಿ: 40 ಗುಣಿಸು ಕಾಸ್ 60 ಎಂದರೆ 20, 40 ಗುಣಿಸು ಸೈನ್ 60 ಎಂದರೆ 34.641. ಉಳಿದ ನಾಲ್ಕಕ್ಕೆ ಇವೇ ಸಂಖ್ಯೆಗಳು, ಪ್ಲಸ್ ಮೈನಸ್ ಬದಲಾಗುತ್ತದೆ ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ತ್ರಿಕೋನಮಿತಿ ಹೊಟ್ಟೆಪಾಡಿಗೆ ಬರುವುದು ಇಲ್ಲೇ.

ಅಂಕುಡೊಂಕಾದ ಮೇಲ್ಮೈ, ಮೋಲ್ಡ್‌ಗಳಿಗೆ ಟೂಲ್ ದಾರಿಯನ್ನು ಕಂಪ್ಯೂಟರ್‌ನಲ್ಲೇ ಎಳೆಯುವ ಕ್ಯಾಮ್ ಸಾಫ್ಟ್‌ವೇರ್ ಬೇಕೇ ಬೇಕು. ಕೈಯಲ್ಲಿ ಸಾವಿರಾರು ಸಾಲು ಬರೆಯುವುದು ಆಗದ ಮಾತು. ಸಾಫ್ಟ್‌ವೇರ್ ಎಳೆದ ದಾರಿಯನ್ನು ನಿಮ್ಮ ಮಶೀನ್‌ನ ಭಾಷೆಗೆ ತಿರುಗಿಸುವುದು ಪೋಸ್ಟ್ ಪ್ರೊಸೆಸರ್. ಅದು ಕೊಟ್ಟ ಫೈಲ್‌ನ ಮೊದಲ ಇಪ್ಪತ್ತು ಸಾಲು ಮತ್ತು ಪ್ರತಿ ಟೂಲ್ ಬದಲಾಗುವ ಜಾಗವನ್ನು ಕಣ್ಣಿಟ್ಟು ಓದಿ. ಕೈಯಲ್ಲಿ ಬರೆಯಲು ಕಲಿತವರಿಗೆ ಆ ಓದು ಬರುತ್ತದೆ.

ಶಿಫ್ಟ್ ಮುಗಿಯುವಾಗ

ಪ್ರೋಗ್ರಾಂನ ಒಂದು ಪ್ರತಿ ಕಾರ್ಡ್‌ಗೋ ಪೆನ್‌ಡ್ರೈವ್‌ಗೋ ಹಾಕಿಡಿ. ನೋಟ್‌ಬುಕ್‌ನಲ್ಲಿ ಜಾಬ್ ಹೆಸರು, ಪ್ರೋಗ್ರಾಂ ನಂಬರ್, ಎರಡೂ ಇನ್ಸರ್ಟ್‌ಗಳ ಗ್ರೇಡ್, ಚಕ್‌ನಿಂದ 75 ಹೊರಗೆ ಎಂಬ ಅಳತೆ, ಕೊನೆಯ ಪೀಸ್‌ನ ವ್ಯಾಸ, ವೇರ್ ಎಷ್ಟಿದೆ ಎಂದು ಬರೆಯಿರಿ. ಟರೆಟ್ ಹೋಮ್‌ನಲ್ಲಿ ಬಿಡಿ. ರಾತ್ರಿ ಶಿಫ್ಟ್‌ಗೆ ಬರುವ ಹುಡುಗ ನಿಮ್ಮ ಪ್ರೋಗ್ರಾಂ ಮುಂದೆ ಒಬ್ಬನೇ ನಿಲ್ಲುತ್ತಾನೆ. ಟೂಲ್ ಎಲ್ಲಿದೆ ಎಂದು ಅವನು ಆ ಪುಟ ನೋಡಿಯೇ ತಿಳಿಯಬೇಕು.